ಅಪ್ಪನ ಕೈಯಲ್ಲಿದ್ದ ಚಾರ್ಜು

ಮೊನ್ನೆ ಹುಣಸೂರಿನ ಬಸ್ಸಿನಲ್ಲಿ ಕಂಡಕ್ಟರ್ ಹುಡುಗ ನನ್ನ ಮುಂದೆ ಬಂದು ನಿಂತು, "ಅಜ್ಜೀ, ಚಾರ್ಜ್ ಕೊಡಿ" ಎಂದ. ನಾನು ಚೀಲ ತಡಕುತ್ತಾ, "ಅಷ್ಟು ಸಲೀಸಾಗಿ ಚಾರ್ಜ್ ಕೊಡೋಕಾಗುತ್ತೇನಪ್ಪ? ಮೊದಲು ಕುರ್ಚಿ ಮೇಜು ನೋಡ್ಕೋ, ಬೀಗದ ಕೈ ತಗೋ, ಆಮೇಲೆ ಇಬ್ಬರೂ ಸಹಿ ಮಾಡೋಣ" ಎಂದೆ. ಅವನು ಪಕ್ಕದ ಹೆಂಗಸಿನ ಕಡೆ ಬಾಗಿ, "ಇವ್ರ ಜೊತೇಲಿ ಯಾರಾದ್ರೂ ಬಂದವ್ರಾ?" ಎಂದು ಮೆಲ್ಲಗೆ ವಿಚಾರಿಸಿದ. ಮುದುಕಿಯರು ತಮಾಷೆ ಮಾಡಿದರೆ ಜನ ಮೊದಲು ಡಾಕ್ಟರನ್ನು ನೆನೆಯುತ್ತಾರೆ. ಟಿಕೇಟು ತೆಗೆದುಕೊಂಡು ಸುಮ್ಮನೆ ಕೂತೆ. ಆದರೆ ಆ ಮಾತು ಮಾತ್ರ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಅಡಿಕೆ ಚೂರಿನ ಹಾಗೆ ದಾರಿಯುದ್ದಕ್ಕೂ ಕಾಡುತ್ತಲೇ ಇತ್ತು.

ಇಂಗ್ಲಿಷಿನವರದು ಉಳಿತಾಯದ ಬುದ್ಧಿ. ಒಂದು ಪದವನ್ನು ಮಾಡಿಕೊಂಡರೆ ಮನೆಮಂದಿಯೆಲ್ಲ ಸರದಿಯ ಮೇಲೆ ಹೊದೆಯುವ ಕಂಬಳಿಯಂತೆ ಅದನ್ನೇ ಎಲ್ಲಕ್ಕೂ ಹೊದಿಸುತ್ತಾರೆ. ಬಸ್ಸಿಗೆ ಕೊಡುವುದು ಚಾರ್ಜು. ರೇಡಿಯೋದ ಬ್ಯಾಟರಿಗೆ ತುಂಬಿಸುವುದು ಚಾರ್ಜು. ನಾನು ಹುಡುಗಿಯಾಗಿದ್ದಾಗ ನಮ್ಮೂರಿನ ಸಾಹುಕಾರರೊಬ್ಬರ ಜಗುಲಿಯಲ್ಲಿ ಯುದ್ಧದ ಸುದ್ದಿ ಕೇಳಲು ಊರೇ ಸೇರುತ್ತಿತ್ತು. ಜರ್ಮನಿಯವರು ಇನ್ನೇನು ಒಂದು ಪಟ್ಟಣವನ್ನು ಹಿಡಿಯಬೇಕು, ಅಷ್ಟರಲ್ಲಿ ಬ್ಯಾಟರಿಯ ಚಾರ್ಜು ಮುಗಿದು ಹೋಗುತ್ತಿತ್ತು. ಬ್ಯಾಟರಿ ಮೈಸೂರಿಗೆ ಹೋಗಿ ಬರುವವರೆಗೆ ಆ ಪಟ್ಟಣ ಯಾರ ಕೈಲಿದೆಯೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಇನ್ನು ಪೊಲೀಸರು ಲಾಠಿ ಬೀಸಿದರೆ ಅದೂ ಚಾರ್ಜು, ಏಟು ತಿಂದವನ ಮೇಲೆ ಹೊರಿಸುವುದೂ ಚಾರ್ಜು. ಹೊಡೆದವರಿಗೂ ಹೊಡೆಸಿಕೊಂಡವರಿಗೂ ಒಂದೇ ಪದದಲ್ಲಿ ಕೆಲಸ ಮುಗಿಸಿಕೊಡುವ ಭಾಷೆ ಕೈಲಿದ್ದರೆ ರಾಜ್ಯಭಾರ ಯಾರಿಗೆ ತಾನೇ ಕಷ್ಟ?

ನನ್ನ ಪಾಲಿಗೂ ಒಂದು ಚಾರ್ಜು ಬಂದಿತ್ತು. ಹನಗೋಡಿನ ಕಡೆಯ ಒಂದು ಹೆಣ್ಣುಮಕ್ಕಳ ಸ್ಕೂಲಿಗೆ ನಾನು ಹೆಡ್‌ಮಿಸ್ಟ್ರೆಸ್ ಇನ್‌ಚಾರ್ಜ್ ಆಗಿದ್ದೆ. ಕೇಳಲು ಗಟ್ಟಿಯಾಗಿದೆ. ಆ ಸ್ಕೂಲಿನಲ್ಲಿ ಟೀಚರು ಅಂತ ಇದ್ದವಳು ನಾನೊಬ್ಬಳೇ. ಹೀಗಾಗಿ ನನ್ನ ಅಧಿಕಾರವೆಲ್ಲ ನನ್ನ ಮೇಲೆಯೇ ನಡೆಯುತ್ತಿತ್ತು. ನಾನು ತಡವಾಗಿ ಬಂದರೆ ನನ್ನನ್ನು ನಾನೇ ಗದರಿಸಿಕೊಳ್ಳಬೇಕು, ನನಗೆ ರಜೆ ಬೇಕಾದರೆ ನನ್ನನ್ನು ನಾನೇ ಕೇಳಿಕೊಳ್ಳಬೇಕು. ಬಹಳ ಕಟ್ಟುನಿಟ್ಟಿನ ಹೆಂಗಸು ನಾನು. ಒಂದು ಸಲವೂ ರಜೆ ಕೊಡಲಿಲ್ಲ.

ಈ ರೋಗ ನನಗೆ ಅಪ್ಪನಿಂದ ಬಂದದ್ದು.

ಅಪ್ಪ ಕಟ್ಟೆಮಳಲವಾಡಿಯ ಬೇಸಾಯದ ಮನೆಯವನು. ನಾಲ್ವರು ಅಣ್ಣತಮ್ಮಂದಿರಲ್ಲಿ ಓದಿದವನು ಅವನೊಬ್ಬ. ಓದಿದ ತಪ್ಪಿಗೆ ಸರ್ಕಾರಿ ಕೆಲಸ ಸಿಕ್ಕಿತು. ಕೆಲಸ ಸಿಕ್ಕಿದ್ದು ಹೆಗ್ಗಡದೇವನಕೋಟೆಯಲ್ಲಿ. ಯಾವ ಇಲಾಖೆ ಎಂದು ನಾನು ಹೇಳುವುದಿಲ್ಲ. ಒಂದರ ಹೆಸರು ಹೇಳಿದರೆ, ಅಷ್ಟೇ ಯೋಗ್ಯತೆಯ ಉಳಿದ ಇಲಾಖೆಗಳಿಗೆ ಬೇಜಾರಾದೀತು. ಆ ಕಾಲದ ಕೋಟೆ ಎಂದರೆ ಜ್ವರ. ಜ್ವರ ಎಂದರೆ ಸುಮ್ಮನೆ ಮೈ ಬಿಸಿಯಲ್ಲ. ಒಂದು ದಿನ ಬಿಟ್ಟು ಒಂದು ದಿನ, ಹೊತ್ತು ತಪ್ಪದೆ, ಹಲ್ಲು ಕಟಕಟಿಸುವ ನಡುಕ. ಊರಿನಲ್ಲಿ ವೇಳೆಗೆ ಸರಿಯಾಗಿ ಬರುತ್ತಿದ್ದದ್ದು ಅದೊಂದೇ.

ಮೈಸೂರಿನಲ್ಲಿ ಯಾವನಾದರೂ ಅಧಿಕಾರಿ ಮೇಲಿನವರ ಕೋಪಕ್ಕೆ ಗುರಿಯಾದರೆ ಅವನನ್ನು ಕೋಟೆಗೆ ಹಾಕುತ್ತಿದ್ದರು. ಕೋಟೆಯ ಸೊಳ್ಳೆಗಳು ಎಷ್ಟು ಚುರುಕಾಗಿದ್ದವೆಂದರೆ ವರ್ಗದ ಆರ್ಡರು ಕೈಸೇರಿದೊಡನೆ ಮೈಸೂರಿನಲ್ಲೇ ಹೋಗಿ ಅವನನ್ನು ಕಚ್ಚುತ್ತಿದ್ದವು. ಡಾಕ್ಟರ ಸರ್ಟಿಫಿಕೇಟು ಬರುತ್ತಿತ್ತು, ಅಧಿಕಾರಿ ಬರುತ್ತಿರಲಿಲ್ಲ. ಅಧಿಕಾರಿ ಬರುವವರೆಗೆ ಕಚೇರಿಯನ್ನು ಯಾರಾದರೂ ಹೊರಬೇಕಲ್ಲ? ಹಾಗೆ ಗುಮಾಸ್ತನಾಗಿದ್ದ ಅಪ್ಪ ಇನ್‌ಚಾರ್ಜ್ ಆದ. ಹದಿನೈದು ದಿನದ ಮಟ್ಟಿಗೆ ಎಂದಿದ್ದರು. ನಾನು ಹುಟ್ಟಿದೆ, ನಡೆದೆ, ಸ್ಕೂಲಿಗೆ ಸೇರಿದೆ. ಆ ಹದಿನೈದು ದಿನ ಮುಗಿದಿರಲಿಲ್ಲ. ಸಂಬಳ ಗುಮಾಸ್ತನದೇ, ಬೈಗುಳ ಮಾತ್ರ ಸಾಹೇಬರದು. ಖಾಯಂ ಆಗಬೇಕೆಂಬುದೊಂದು ಆಸೆ ಅವನಿಗೆ ಒಳಗೊಳಗೇ ಇತ್ತು. ಬಾಯಿ ಬಿಟ್ಟು ಯಾರಿಗೂ ಹೇಳುತ್ತಿರಲಿಲ್ಲ.

ಅವನು ಚಾರ್ಜನ್ನು ಹೊತ್ತ ರೀತಿಯನ್ನು ನೀವು ನೋಡಬೇಕಿತ್ತು. ಕಬ್ಬಿಣದ ಪೆಟ್ಟಿಗೆಯ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದ. ಸ್ನಾನ ಮಾಡುವಾಗಲೂ ಅದು ಇಳಿಯುತ್ತಿರಲಿಲ್ಲ. ಸಾಹೇಬರ ಕುರ್ಚಿಯ ಮೇಲೆ ಒಂದು ದಿನವೂ ಕೂರಲಿಲ್ಲ. ಅದರ ಪಕ್ಕದಲ್ಲಿ ತನ್ನ ಸ್ಟೂಲು ಹಾಕಿಕೊಂಡು, ಬಂದವರು ಏನಾದರೂ ಕೇಳಿದರೆ ಖಾಲಿ ಕುರ್ಚಿಯ ಕಡೆ ಒಂದು ಸಲ ನೋಡಿ, ಆಮೇಲೆ ಉತ್ತರ ಕೊಡುತ್ತಿದ್ದ. ಜವಾನ ಚೆಲುವಯ್ಯ ದಿನಾ ಬೆಳಿಗ್ಗೆ ಆ ಕುರ್ಚಿಯ ಧೂಳು ಹೊಡೆದು ಕೈ ಮುಗಿಯುತ್ತಿದ್ದ. ಈ ಚೆಲುವಯ್ಯ ಸಾಮಾನ್ಯನಲ್ಲ. ಹಿಂದೊಮ್ಮೆ ಕಾಡಿಗೆ ಬಂದ ಇಂಗ್ಲಿಷ್ ದೊರೆಯೊಬ್ಬನ ಊಟದ ಬುಟ್ಟಿ ಹೊರಲು ಇವನನ್ನು ಕಳಿಸಿದ್ದರು. ಬಿದಿರು ಮೆಳೆಯಿಂದ ಒಂಟಿ ಸಲಗ ಹೊರಬಿತ್ತು. ದೊರೆ "ಚಾರ್ಜ್, ಚಾರ್ಜ್" ಎಂದು ಕೂಗುತ್ತಾ ಮರ ಹತ್ತಿದನಂತೆ. "ಇಂಥಾ ಒತ್ನಲ್ಲೂ ಚಾರ್ಜ್ ನಂಗೇ ಯಾಕ್ ಒಪ್ಪುಸ್ತಾವ್ನೆ ಅಂತ ನಾನೂ ಬುಟ್ಟಿ ಮಡಗ್ಬುಟ್ಟು ಮರ ಅತ್ತುದೆ ಕಣವ್ವ" ಎಂದು ಚೆಲುವಯ್ಯ ಹೇಳುತ್ತಿದ್ದ. ಊಟವನ್ನು ಆನೆ ಮಾಡಿತಂತೆ. ಇದು ನಿಜವೋ ಸುಳ್ಳೋ ಗೊತ್ತಿಲ್ಲ; ಆದರೆ ಚಾರ್ಜನ್ನು ನಿರಾಕರಿಸಿದ ಮನುಷ್ಯ ಅಂತ ಆ ಕಚೇರಿಯಲ್ಲಿ ಇದ್ದವನು ಅವನೊಬ್ಬನೇ.

ಯುದ್ಧದ ಕೊನೆಯ ವರ್ಷಗಳಲ್ಲಿ ಅವ್ವನಿಗೆ ಜ್ವರ ಬಂತು. ಕೋಟೆಯಲ್ಲಿದ್ದವರಿಗೆ ಜ್ವರ ಬರುವುದು ಹೊಸತಲ್ಲ. ಅವಳೂ ಎರಡು ಮೂರು ಸಲ ಮಲಗಿ ಎದ್ದಿದ್ದಳು. ಈ ಸಲ ಏಳಲಿಲ್ಲ. ಕ್ವಿನೈನೆಲ್ಲ ಸಿಪಾಯಿಗಳಿಗೆ ಹೋಗುತ್ತಿದ್ದ ಕಾಲ. ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಹೊದಿಸಿ ನಾನು ಮೇಲೆ ಮಲಗಿದರೂ ಅವಳ ನಡುಕಕ್ಕೆ ನಾನೂ ಅಲುಗಾಡುತ್ತಿದ್ದೆ. ನೋಡಲು ಬಂದ ಕಾಂಪೌಂಡರು ಅಪ್ಪನನ್ನು ಬಾಗಿಲ ಹೊರಗೆ ಕರೆದು, "ಇಲ್ಲಿ ಔಷಧಿ ಇಲ್ಲ ಗೌಡ್ರೇ. ಮೈಸೂರಿಗೆ ಕರ್ಕೊಂಡು ಹೋದ್ರೆ ಉಳೀತಾರೆ. ಇಲ್ಲೇ ಇಟ್ಕೊಂಡ್ರೆ ಉಳಿಯಲ್ಲ" ಎಂದ. ಬಾಗಿಲ ಹೊರಗೆ ಹೇಳಿದ್ದು ಒಳಗಿದ್ದ ಇಬ್ಬರಿಗೂ ಚೆನ್ನಾಗಿಯೇ ಕೇಳಿಸಿತು.

ಅಪ್ಪ ರಜೆ ಕೇಳಿದ. ಮೈಸೂರಿನಿಂದ ಉತ್ತರ ಬಹಳ ದಯೆಯಿಂದ ಬಂತು. ರಜೆ ಮಂಜೂರು ಮಾಡಿದ್ದಾರೆ, ಚಾರ್ಜ್ ಒಪ್ಪಿಸಿ ಹೊರಡತಕ್ಕದ್ದು, ಹೊಸ ಅಧಿಕಾರಿ ಇಷ್ಟರಲ್ಲೇ ಬರುತ್ತಾರೆ. ಹೊಸ ಅಧಿಕಾರಿ ಇಷ್ಟರಲ್ಲೇ ಬರುತ್ತಾರೆಂಬ ಮಾತು ನನ್ನ ವಯಸ್ಸಿನಷ್ಟೇ ಹಳೆಯದು. ಅವ್ವನನ್ನು ಬೇರೆ ಯಾರ ಜೊತೆಗಾದರೂ ಕಳಿಸುವುದೆಂದು ಅಪ್ಪ ಯೋಚಿಸಿದ. ಅವ್ವ ಒಪ್ಪಲಿಲ್ಲ.

"ಕಾಣದ ಊರ್ನಾಗೆ ಒಬ್ಳೇ ಸಾಯಕೆ ನಾ ಓಗಲ್ಲ. ಇಲ್ಲೇ ಸತ್ರೆ ನಿಮ್ ಕಚೇರಿಗೂ ಅತ್ರ. ಮಣ್ ಮಾಡ್ಬುಟ್ಟು ಒತ್ತಿಗ್ ಸರ್ಯಾಗಿ ಓಗ್ಬೋದು" ಎಂದಳು.

ನನ್ನ ನಾಲಗೆ ಯಾರಿಂದ ಬಂತೆಂದು ನೀವು ಯೋಚಿಸುತ್ತಿದ್ದರೆ, ಈಗ ತಿಳಿದಿರಬೇಕು.

ಅಪ್ಪ ಕಚೇರಿಗೆ ಹೋದ. ಅವನು ಕಲ್ಲುಮನಸ್ಸಿನವನಲ್ಲ. ಅವಳ ಹಣೆಗೆ ಬಟ್ಟೆ ಹಾಕಿ ಹಾಕಿ ಅವನ ಬೆರಳುಗಳು ಸುಕ್ಕುಗಟ್ಟಿದ್ದವು. ಆದರೆ ಚಾರ್ಜ್ ಒಪ್ಪಿಸದೆ ಊರು ಬಿಡುವುದೆಂದರೆ ಅವನ ಪಾಲಿಗೆ ಬಟ್ಟೆಯಿಲ್ಲದೆ ಬೀದಿಗೆ ಹೋದ ಹಾಗೆ. ಹೋಗಬಹುದು, ಯಾರೂ ಕಾಲು ಹಿಡಿದು ನಿಲ್ಲಿಸುವುದಿಲ್ಲ. ಆದರೂ ಆಗುವುದಿಲ್ಲ.

ಕೊನೆಗೂ ಹೊಸ ಸಾಹೇಬರು ಬಂದರು. ಬಂದರು ಎಂದರೆ ಹ್ಯಾಂಡ್‌ಪೋಸ್ಟಿನವರೆಗೆ ಬಂದರು. ಬಸ್ಸು ನಿಲ್ಲುವುದು ಅಲ್ಲಿ. ಊರು ಅಲ್ಲಿಂದ ಇತ್ತ, ಮಾತಾಡುತ್ತಾ ನಡೆದು ಬರುವಷ್ಟು ದೂರ. ಅಲ್ಲಿ ನೆಟ್ಟಿದ್ದ ಮರದ ಕೈಯೊಂದು ಕೋಟೆಯ ದಾರಿ ತೋರಿಸುತ್ತಿತ್ತು. ಜ್ವರ ಆ ಕೈ ತೋರಿಸಿದ ಕಡೆ ಮಾತ್ರ ಇರುತ್ತದೆ, ಕೈಯ ಬುಡದಲ್ಲಿ ಇರುವುದಿಲ್ಲ ಎಂದು ಸಾಹೇಬರು ಲೆಕ್ಕ ಹಾಕಿದ್ದಿರಬೇಕು. ಅಲ್ಲೇ ಆಲದ ಮರದ ಕೆಳಗೆ ಕೂತು, ಎದುರುಗೊಳ್ಳಲು ಹೋಗಿದ್ದ ಚೆಲುವಯ್ಯನ ಬಾಯಲ್ಲಿ ಹೇಳಿ ಕಳಿಸಿದರು: ನಾನು ಊರೊಳಗೆ ಬರುವುದಿಲ್ಲ, ಚಾರ್ಜನ್ನು ಇಲ್ಲಿಗೇ ತಂದು ಒಪ್ಪಿಸಬೇಕು, ಮಧ್ಯಾಹ್ನದ ಬಸ್ಸು ಹೊರಡುವುದರೊಳಗೆ.

ಅವರು ಕೇಳಿದ್ದು ಬೀಗದ ಕೈ ಮತ್ತು ಮೊಹರನ್ನು. ಬೇರೆ ಯಾರಾದರೂ ಆಗಿದ್ದರೆ ಎರಡನ್ನೂ ಜೇಬಿಗೆ ಹಾಕಿಕೊಂಡು ಹೊರಡುತ್ತಿದ್ದರು. ಅಪ್ಪನಿಗೆ ಅಂಥ ಅಡ್ಡದಾರಿ ಹೊಳೆಯಲಿಲ್ಲ. "ಚಾರ್ಜ್ ಅಂದ್ರೆ ಎಲ್ಲಾ ಸೇರಿ ಕಣ್ಲಾ ಚೆಲುವ. ಕಣ್ಣಿಗೆ ಕಾಣ್ದೆ ಒಪ್ಪುಸ್ಕೊಂಡ್ರೆ ನಾಳೀಕೆ ಅವ್ರ್ಗೇ ತೊಂದ್ರೆ" ಎಂದು ಎರಡು ಗಾಡಿ ಕಟ್ಟಿಸಿದ. ಬೆಂಚು, ಬೀರು, ಕಬ್ಬಿಣದ ಪೆಟ್ಟಿಗೆ, ನಿಂತ ಗಡಿಯಾರ, ನೀರಿನ ಹಂಡೆ, ಹೊಡೆಯುವ ಗಂಟೆ, ಕೊನೆಗೆ ಆ ಕುರ್ಚಿ, ಎಲ್ಲವೂ ಗಾಡಿ ಹತ್ತಿದವು. ಹುಲ್ಲು ಹಾಸಿ ಕಂಬಳಿ ಹೊದಿಸಿ ಅವ್ವನನ್ನು ಬೀರುವಿನ ಪಕ್ಕದಲ್ಲಿ ಮಲಗಿಸಿದರು. ಅವಳು ಬೀರುವನ್ನೊಮ್ಮೆ ನೋಡಿ, ನನ್ನನ್ನು ನೋಡಿ, "ನನ್ನ ಒತ್ಕೊಂಡ್ ಓಗಕೆ ಇಷ್ಟ್ ದಿನ ಗಾಡಿ ಇರ್ನಿಲ್ಲ. ಬೆಂಚ್ ಒತ್ಕೊಂಡ್ ಓಗಕೆ ಬಂತು ನೋಡು ಮಗ" ಎಂದಳು. ನಗಲು ಹೋದವಳಿಗೆ ಕೆಮ್ಮು ಬಂತು. ನಮ್ಮ ಸಂಸ್ಥಾನದಲ್ಲಿ ಕಚೇರಿಯೊಂದು ಮೆರವಣಿಗೆ ಹೊರಟದ್ದು ಅದೇ ಮೊದಲಿರಬೇಕು. ಊರಿನವರು ಬಾಗಿಲಿಗೆ ಬಂದು ನೋಡಿದರು. ಕಚೇರಿ ಕೋಟೆ ಬಿಟ್ಟು ಹೋಗುತ್ತಿದೆಯೆಂದು ಕೆಲವರಿಗೆ ಸಂತೋಷವೂ ಆದಂತಿತ್ತು.

ಹ್ಯಾಂಡ್‌ಪೋಸ್ಟಿನಲ್ಲಿ ಸಾಹೇಬರು ತಲೆಗೆ ಮಫ್ಲರು ಸುತ್ತಿ, ಕಾಲಿಗೆ ದಪ್ಪ ಕಾಲುಚೀಲ ಹಾಕಿ, ನೀಲಗಿರಿ ಎಣ್ಣೆಯ ವಾಸನೆ ಹೊಡೆಯುತ್ತಾ ಕೂತಿದ್ದರು. ತಮ್ಮ ಕಚೇರಿ ತಮ್ಮನ್ನು ಕಾಣಲು ಎತ್ತಿನ ಗಾಡಿಯಲ್ಲಿ ಬರುತ್ತಿರುವುದನ್ನು ಕಂಡು ಒಂದು ನಿಮಿಷ ಬಾಯಿ ತೆರೆದರು. ಆದರೆ ಅವರೂ ಸರ್ಕಾರದವರೇ. ಎದುರಿಗೆ ತಂದಿಟ್ಟ ಮೇಲೆ ಪರೀಕ್ಷಿಸದೆ ಬಿಟ್ಟರೆ ಹೇಗೆ? ಮರದ ಕೆಳಗೆ ಎಲ್ಲವನ್ನೂ ಇಳಿಸಿ ಜೋಡಿಸಿದ್ದಾಯಿತು. ಅವರು ಒಂದೊಂದನ್ನೂ ಮುಟ್ಟಿ, ಅಲುಗಾಡಿಸಿ, ಬಗ್ಗಿ ನೋಡಿದರು. ಅತ್ತ ಬಸ್ಸಿನ ಹಿಂದೆ ಇದ್ದಿಲ ಒಲೆಗೆ ಗಾಳಿ ಊದುತ್ತಿದ್ದರು. ಪೆಟ್ರೋಲಿಲ್ಲದ ಕಾಲದ ಬಸ್ಸು ಅದು, ಒಲೆ ಹತ್ತಿಕೊಂಡ ಮೇಲೆ ಯಾರಿಗಾಗಿಯೂ ಬಹಳ ಹೊತ್ತು ಕಾಯುತ್ತಿರಲಿಲ್ಲ. ಇತ್ತ ಗಾಡಿಯಲ್ಲಿ ಅವ್ವನಿಗೆ ನಡುಕ ಶುರುವಾಗಿತ್ತು.

"ಗಂಟೆಯ ನಾಲಗೆ ಎಲ್ಲಿ?" ಎಂದರು ಸಾಹೇಬರು.

ಅಪ್ಪ ಚೆಲುವಯ್ಯನನ್ನು ನೋಡಿದ. ಚೆಲುವಯ್ಯ ಕೈ ಕಟ್ಟಿಕೊಂಡು, "ಅದು ಮೊದ್ಲಿಂದ್ಲೂ ಇಲ್ಲ ಬುದ್ದಿ. ನಾನು ಕೋಲಲ್ಲಿ ಬಾರುಸ್ತೀನಿ" ಎಂದ.

"ಕೋಲು ಕಚೇರಿಯದೋ, ನಿನ್ನದೋ?"

ಈ ಪ್ರಶ್ನೆ ಇತ್ಯರ್ಥವಾಗುವ ಹೊತ್ತಿಗೆ ಬಸ್ಸಿನ ಒಲೆ ಹತ್ತಿಕೊಂಡಿತ್ತು. ಕೋಲು ಚೆಲುವಯ್ಯನ ಸ್ವಂತದ್ದೆಂದು ತೀರ್ಮಾನವಾಗಿ, ಗಂಟೆ ಮೂಕವೆಂದು ಬರೆಸಿಕೊಂಡು, ಸಾಹೇಬರು ಚಾರ್ಜ್ ತೆಗೆದುಕೊಂಡೆನೆಂದು ಸಹಿ ಹಾಕಿದರು. ಅಪ್ಪ ಉಡಿದಾರದಿಂದ ಬೀಗದ ಕೈ ಬಿಚ್ಚಿ ಕೊಟ್ಟ. ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯಿತು, ಗಂಟು ಹಳೆಯದಾಗಿತ್ತು. ಆಮೇಲೆ ಅವ್ವನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಬಸ್ಸಿನಲ್ಲಿ ಕೂರಿಸಿದ. ಊರವರ ಎದುರಿಗೆ ಅವನು ಅವಳನ್ನು ಮುಟ್ಟಿದ್ದನ್ನು ನಾನು ಕಂಡದ್ದು ಅದೇ ಮೊದಲು. ನನ್ನನ್ನು ಪಕ್ಕದಲ್ಲಿ ಕೂರಿಸಿ, ಸಾಹೇಬರಿಗೆ ಕೈ ಮುಗಿದು ಬರಲು ಇಳಿದ.

ಸಾಹೇಬರು ಇನ್ನೊಂದು ಕಾಗದ ಹಿಡಿದು ಕಾಯುತ್ತಿದ್ದರು. ಕಿಟಕಿಯಿಂದ ಎಲ್ಲ ಕೇಳುತ್ತಿತ್ತು.

"ಗೌಡರೇ, ನನಗೆ ಆಗಲೇ ಮೈ ಸರಿಯಿಲ್ಲ. ನಾನು ಇವತ್ತಿನಿಂದ ರಜೆ ಹಾಕುತ್ತಿದ್ದೇನೆ. ಚಾರ್ಜನ್ನು ತಮಗೇ ಒಪ್ಪಿಸಿದ್ದೇನೆ, ಇಲ್ಲೊಂದು ಸಹಿ ಮಾಡಿ. ಹದಿನೈದು ದಿನದ ಮಟ್ಟಿಗೆ. ತಮ್ಮನ್ನು ಖಾಯಂ ಮಾಡಬೇಕೆಂದು ನಾನೇ ಮೇಲಕ್ಕೆ ಬರೆಯುತ್ತೇನೆ."

ಅವರು ಮೈಸೂರಿನಿಂದ ಎರಡೂ ಕಾಗದವನ್ನು ತಯಾರು ಮಾಡಿಕೊಂಡೇ ಬಂದಿದ್ದರು. ಅಷ್ಟು ಮುಂದಾಲೋಚನೆಯ ಅಧಿಕಾರಿ ಕೋಟೆಗೆ ಸಿಕ್ಕಿದ್ದು ನಮ್ಮ ಭಾಗ್ಯ. ಅಪ್ಪನ ಕೈ ತಾನಾಗಿ ಮುಂದೆ ಹೋಯಿತು. ಮೇಲಿನವರು ಪೆನ್ನು ನೀಡಿದರೆ ಹಿಡಿಯಬೇಕೆಂದು ಅದಕ್ಕೆ ರೂಢಿಯಾಗಿತ್ತು. ಪೆನ್ನು ಹಿಡಿದು ಬಗ್ಗಿದ. ಖಾಯಂ ಎಂಬ ಮಾತನ್ನು ಅಷ್ಟು ವರ್ಷದಲ್ಲಿ ಯಾರೂ ಅವನಿಗೆ ಬಾಯಿಬಿಟ್ಟು ಹೇಳಿರಲಿಲ್ಲ. ನನಗೆ ಕೂಗಬೇಕೆನಿಸಿತು. ಅವ್ವ ಕೂಗುವವಳಲ್ಲ. ಅವಳು ಅವನನ್ನೊಮ್ಮೆ ನೋಡಿದಳು. ಆಮೇಲೆ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡು ಕಿಟಕಿಗೆ ಬೆನ್ನು ಹಾಕಿದಳು.

ಅಪ್ಪ ತಲೆ ಎತ್ತಿದ್ದು ಆಗಲೇ. ಬಸ್ಸಿನ ಕಡೆ ನೋಡಿ, ಪೆನ್ನನ್ನು ಬೆಂಚಿನ ಮೇಲೆ ಮೆಲ್ಲಗೆ ಇಟ್ಟ. "ತಪ್ ತಿಳ್ಕೋಬೇಡಿ ಬುದ್ದಿ. ಚಾರ್ಜ್ ಈಗ ತಮ್ದು. ನಾನು ಬತ್ತೀನಿ" ಎಂದು ಕೈ ಮುಗಿದು, ಓಡದೆ, ಹಿಂದಕ್ಕೆ ತಿರುಗದೆ, ನಡೆದು ಬಂದು ಬಸ್ಸು ಹತ್ತಿದ.

ಬಸ್ಸು ಹೊರಟಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನಿಂದ ಯಾರೋ ತಟ್ಟಿ ನಿಲ್ಲಿಸಿದರು. ಮಫ್ಲರು ಬಿಚ್ಚಿಹೋಗಿದ್ದ ಸಾಹೇಬರು ಏದುಸಿರು ಬಿಡುತ್ತಾ ಹತ್ತಿ ಮುಂದಿನ ಸೀಟಿನಲ್ಲಿ ಕೂತರು. ಬೀಗದ ಕೈ ಅವರ ಕೈಯಲ್ಲೇ ಇತ್ತು. ಅಪ್ಪ ಎದ್ದು ನಮಸ್ಕಾರ ಮಾಡಿದ, ಅವರೂ ಮಾಡಿದರು. ಚಾರ್ಜ್ ಕೊಟ್ಟವನೂ ತೆಗೆದುಕೊಂಡವನೂ ಒಂದೇ ಬಸ್ಸಿನಲ್ಲಿ ಪರಾರಿ. ಕಚೇರಿ ಆಲದ ಮರದ ಕೆಳಗೆ.

ಅವ್ವ ಉಳಿದಳು. ಎಷ್ಟೋ ವಾರ ಆಸ್ಪತ್ರೆಯಲ್ಲಿದ್ದಳು. ಅವಳ ಮುಖಕ್ಕೆ ಬಣ್ಣ ಬಂದ ಹಾಗೆಲ್ಲ ಅಪ್ಪನ ಮುಖ ಬಾಡುತ್ತಿತ್ತು. ಮೇಲಧಿಕಾರಿಯ ಮಾತು ಮೀರಿದ್ದೇನೆ, ಚಾರ್ಜ್‌ಶೀಟು ಬಂದೇ ಬರುತ್ತದೆ, ಕೆಲಸ ಹೋದರೂ ಹೋಯಿತು ಎಂದು ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನನಗೆ ವಿವರಿಸುತ್ತಿದ್ದ. ಅಷ್ಟು ಹೊತ್ತಿಗೆ ಸರ್ಕಾರದಲ್ಲಿ ಗದ್ದಲವೆದ್ದು ಮಹಾರಾಜರಿಗೂ ತಿಳಿದಿರಬೇಕೆಂದು ಅವನ ಅಂದಾಜು.

ನಾವು ಹಿಂದಿರುಗಿ ಹ್ಯಾಂಡ್‌ಪೋಸ್ಟಿನಲ್ಲಿ ಇಳಿದಾಗ ಕಚೇರಿ ಇಟ್ಟಲ್ಲೇ ಇತ್ತು. ಬೀರುವಿನಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು. ಬೆಂಚಿನ ಮೇಲೆ ಕುರಿ ಕಾಯುವವನೊಬ್ಬ ನಿದ್ದೆ ಹೊಡೆಯುತ್ತಿದ್ದ. ಚೆಲುವಯ್ಯ ಮಾತ್ರ ತನ್ನ ಸ್ವಂತ ಕೋಲಿನಿಂದ ಹೊತ್ತು ಹೊತ್ತಿಗೆ ಗಂಟೆ ಬಾರಿಸುತ್ತಿದ್ದ.

"ಯಾರಾದ್ರೂ ಬಂದಿದ್ರೇನ್ಲಾ ಮೈಸೂರಿಂದ?" ಎಂದು ಅಪ್ಪ ಕೇಳಿದ.

"ಯಾರೂ ಬರ್ನಿಲ್ಲ."

"ಯಾರೂ ಕೇಳ್ನಿಲ್ವಾ?"

"ಯಾರ್ ಕೇಳಾರು ಬುಡಿ. ಟಪಾಲ್ನಾಗೆ ಬೀಗದ ಕೈ ಬಂತು. ನೀವೇ ಎಂದಿನಂಗೆ ಇನ್‌ಚಾರ್ಜ್ ಅಂತೆ."

ಕಚೇರಿಯ ಕೆಲಸ ಅಷ್ಟು ವಾರ ಒಂದಿಷ್ಟೂ ನಡೆದಿರಲಿಲ್ಲ. ಕೋಟೆಯಲ್ಲಾಗಲಿ ಮೈಸೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಒಬ್ಬರಿಗೂ ವ್ಯತ್ಯಾಸ ಗೊತ್ತಾಗಿರಲಿಲ್ಲ. ಕೆಲಸ ಹೋಗಿದ್ದರೂ ಅಪ್ಪ ಅಷ್ಟು ನೊಂದುಕೊಳ್ಳುತ್ತಿರಲಿಲ್ಲ. ಬೆಂಚಿನ ತುದಿಯಲ್ಲಿ, ಮಲಗಿದ್ದವನ ಕಾಲ ಹತ್ತಿರ, ಬಹಳ ಹೊತ್ತು ಕೂತಿದ್ದ. ನನಗೆ ಅವನ ಮೇಲೆ ಅಷ್ಟು ಕನಿಕರ ಎಂದೂ ಬಂದಿರಲಿಲ್ಲ.

ಆದರೂ ಅವನು ನಂಬಿಕೆ ಬಿಡಲಿಲ್ಲ. ಸರ್ಕಾರ ನಿಧಾನ ಅಷ್ಟೇ, ಕೇಳದೆ ಬಿಡುವುದಿಲ್ಲ, ಒಂದು ದಿನ ದೊಡ್ಡ ಸಾಹೇಬರ ಎದುರು ನಿಲ್ಲಿಸಿ ಯಾಕೆ ಮಾತು ಮೀರಿದೆ ಎಂದು ಕೇಳಿಯೇ ಕೇಳುತ್ತಾರೆ ಎಂದು ಸಿದ್ಧನಾಗತೊಡಗಿದ. ಅವನ ಬಾಯಲ್ಲಿ ಹಕಾರ ನಿಲ್ಲುತ್ತಿರಲಿಲ್ಲ. ದೊಡ್ಡವರ ಎದುರು ಹಾಗೆ ಆಡಬಾರದೆಂದು, ಸ್ಕೂಲಿಗೆ ಹೋಗುವ ನನ್ನನ್ನು ಎದುರಿಗೆ ಕೂರಿಸಿಕೊಂಡು ದಿನಾ ಬೆಳಿಗ್ಗೆ, ಕಚೇರಿಗೆ ಹೊರಡುವ ಮುಂಚೆ, ನಡುಮನೆಯಲ್ಲಿ ಕೈ ಕಟ್ಟಿ ನಿಂತು ಅಭ್ಯಾಸ ಮಾಡುತ್ತಿದ್ದ.

"ಸ್ವಾಮೀ, ಆ ಒತ್ತಿನಲ್ಲಿ ನನಗೆ ಕಚೇರಿಗಿಂತ ನನ್ನ ಎಂಡತಿಯೇ ಎಚ್ಚಾಗಿ ಕಂಡಳು."

"ಹೊತ್ತು ಅನ್ನಪ್ಪ. ಹೆಂಡತಿ. ಹೆಚ್ಚಾಗಿ" ಎಂದು ನಾನು ತಿದ್ದುತ್ತಿದ್ದೆ. ಅವನು ಮತ್ತೆ ಮೊದಲಿನಿಂದ ಹೇಳುತ್ತಿದ್ದ. ಅಡುಗೆಮನೆಯಲ್ಲಿ ಅವ್ವ ಚೆನ್ನಾಗಿ ಉರಿಯುತ್ತಿದ್ದ ಒಲೆಯನ್ನೇ ಸುಮ್ಮನೆ ಊದುತ್ತಾ ಕೂತಿರುತ್ತಿದ್ದಳು. ಮದುವೆಯಾದಂದಿನಿಂದ ಆ ಮನುಷ್ಯ ಅವಳ ಎದುರಿಗೆ ಊಟಕ್ಕೆ ಬಡಿಸು, ನೀರು ಕೊಡು ಎಂಬುದನ್ನು ಮೀರಿ ಮಾತಾಡಿದವನಲ್ಲ.

ಚಾರ್ಜ್‌ಶೀಟು ಬರಲಿಲ್ಲ. ಅಪ್ಪ ಖಾಯಂ ಆಗದೆಯೇ ನಿವೃತ್ತನಾದ. ನಿವೃತ್ತನಾದ ಮೇಲೂ ಕೆಲವು ಕಾಲ, ಯಾವುದಕ್ಕೂ ಇರಲಿ ಎಂದು, ಅಭ್ಯಾಸ ಬಿಡಲಿಲ್ಲ. ಅವನು ತೀರಿಹೋದ ಮೇಲೆ ಒಂದು ಸಲ ನಾನು ಸರ್ಕಾರವನ್ನು ಬಾಯಿಗೆ ಬಂದಂತೆ ಬೈದೆ. ಅಷ್ಟು ಕಾದನಲ್ಲ, ಕಡೆಗೆ ಒಂದು ಮಾತು ಕೇಳಿ ತಪ್ಪು ಹೊರಿಸುವಷ್ಟು ಮರ್ಯಾದೆಯನ್ನಾದರೂ ಕೊಡಬಾರದಿತ್ತೇ ಎಂದೆ. ಅವ್ವ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಆ ಕಾಗ್ದ ಬರ್ದೆ ಇರ್ಲಿ ಅಂತ ನಾನು ಮಾದಪ್ಪಂಗೆ ಅರ್ಕೆ ಕಟ್ಕೊಂಡಿದ್ದೆ ಕಣ್ಮಗ. ಬಂದ್ಬುಟ್ಟಿದ್ರೆ ಅವ್ರು ಒಂದ್ ದಪ ಅಲ್ಲೋಗಿ ಆ ಮಾತ್ನ ಯೋಳ್ಬುಟ್ಟು ಸುಮ್ನಾಗ್ಬುಡೋರು" ಎಂದಳು.